ಕುರಿಕಿವಿಯ ಗುರುತುಗಳಿದ್ದ ಡಿಸ್ಕ್

ಕಂಪ್ಯೂಟರ್ ಕೆಟ್ಟಿದೆ ಎಂದು ಹೊತ್ತುಕೊಂಡು ಬರುವವರ ಮೊದಲ ಮಾತು ಯಾವಾಗಲೂ ಒಂದೇ. "ನಾವೇನೂ ಮಾಡಿಲ್ಲ ಮೇಡಂ, ತಾನಾಗೇ ಹಿಂಗಾತು." ಹಿರಿಯೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾನು ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿದೆ. ಈ ಮಾತನ್ನು ಒಂದು ದಿನವೂ ನಂಬಿದವಳಲ್ಲ. ಕೀಬೋರ್ಡನ್ನು ಬೋರಲು ಹಾಕಿದರೆ ಸಕ್ಕರೆ ಪಾಕದಂಥ ಚಹಾ ಮೇಜಿನ ಮೇಲೆ ಇಳಿಯುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ಜಿರಲೆಗಳು ಮಕ್ಕಳುಮರಿ ಸಮೇತ ಹೊರಗೆ ಬರುತ್ತವೆ. ಎದುರಿಗೆ ನಿಂತ ಮನುಷ್ಯ ಮಾತ್ರ ದೀಪ ಮುಟ್ಟಿ ಪ್ರಮಾಣ ಮಾಡಿದವನ ಹಾಗೆ ಮುಖ ಇಟ್ಟುಕೊಂಡಿರುತ್ತಾನೆ.

ಎರಡನೇ ಮಾತು ಇನ್ನೂ ಚಂದ. "ನಿಮ್ಮ ಯಜಮಾನ್ರು ಇಲ್ವಾ?"

"ಅದಾರೆ. ಧರ್ಮಪುರದ ಬಸ್ಸಲ್ಲಿ ಟಿಕೆಟ್ ಹರೀತಿದಾರೆ. ಕರೆಸ್ಲಾ?" ಎನ್ನುತ್ತೇನೆ. ನನ್ನ ಗಂಡ ಕಂಡಕ್ಟರ್. ಮೌಸಿನ ವೈರು ಯಾವ ತೂತಿಗೆ ಹೋಗಬೇಕು ಎಂದು ಅವರಿಗೆ ಇವತ್ತಿಗೂ ತಿಳಿಯದು. ಬಂದವನು ನನ್ನ ಮುಖ ನೋಡಿ, ಗೋಡೆಯ ಮೇಲಿನ ಬೋರ್ಡು ನೋಡಿ, ಬೇರೆ ಅಂಗಡಿ ಇದೆಯೇ ಎಂದು ರಸ್ತೆಯನ್ನೂ ನೋಡಿ, ಕೊನೆಗೆ ಡಬ್ಬಿ ಕೆಳಗಿಡುತ್ತಾನೆ. ಇಟ್ಟ ಮೇಲೆ ನನಗೇ ಪಾಠ ಹೇಳಲು ಶುರು ಮಾಡುತ್ತಾನೆ. "ಜಾಸ್ತಿ ಏನಿಲ್ಲ ಮೇಡಂ, ಒಂದ್ಸಲ ಫಾರ್ಮ್ಯಾಟ್ ಹೊಡ್ದು ವಿಂಡೋಸ್ ಹಾಕಿಬಿಡ್ರಿ, ಸರಿ ಹೋಗ್ತದೆ."

ಫಾರ್ಮ್ಯಾಟ್ ಎಂಬ ಪದವನ್ನು ನಮ್ಮ ಜಿಲ್ಲೆಗೆ ತಂದವನು ಯಾರೋ, ಅವನಿಗೆ ಒಳ್ಳೆಯದಾಗದಿರಲಿ. ಸೊಳ್ಳೆ ಕಚ್ಚಿತೆಂದು ಮನೆಗೆ ಬೆಂಕಿ ಇಡುವ ಬುದ್ಧಿ ಅದು. ನಿಧಾನ ಆದರೂ ಫಾರ್ಮ್ಯಾಟ್, ಪ್ರಿಂಟ್ ಬರದಿದ್ದರೂ ಫಾರ್ಮ್ಯಾಟ್, ಪರದೆ ಕಪ್ಪಾದರೂ ಫಾರ್ಮ್ಯಾಟ್. ಅರ್ಧಕ್ಕರ್ಧ ಯಂತ್ರಗಳಿಗೆ ಬೇಕಾಗಿರುವುದು ಒಂದು ಬ್ರಷ್ಷು, ಒಂದಿಷ್ಟು ಗಾಳಿ, ನೆಟ್ಟಗಿರುವ ಒಂದು ಅರ್ಥಿಂಗ್ ವೈರು. ಬಣ್ಣಬಣ್ಣದ ದೀಪ ಮಿನುಗುವ ಡಬ್ಬಿಯನ್ನು ಮಗನಿಗೆಂದು ಕೊಳ್ಳುವ ಅಪ್ಪಂದಿರು ಗೋಡೆಯೊಳಗಿನ ಅರ್ಥಿಂಗ್ ಕೇಳಿದರೆ, "ಅದೆಲ್ಲ ಯಾರು ನೋಡ್ತಾರೆ ಬಿಡ್ರಿ" ಎನ್ನುತ್ತಾರೆ. ಕಾಣಿಸದ ವಸ್ತುವಿಗೆ ಯಾರೂ ಕೈ ಬಿಚ್ಚುವುದಿಲ್ಲ. ಮೊದಲ ಸಿಡಿಲಿಗೆ ದೀಪಗಳ ಸಮೇತ ಡಬ್ಬಿ ನನ್ನ ಮೇಜಿಗೆ ಬರುತ್ತದೆ. ಜೊತೆಗೆ, ನಾವೇನೂ ಮಾಡಿಲ್ಲ ಮೇಡಂ.

ಆದರೆ ಇವರೆಲ್ಲರಿಗಿಂತ ಹೆಚ್ಚು ನನಗೆ ಆಗದವರು ಅರ್ಧ ಕಲಿತವರು. ಏನೂ ತಿಳಿಯದವನು ಹೆದರಿ ಕೈ ಕಟ್ಟಿ ನಿಲ್ಲುತ್ತಾನೆ, ಅವನಿಂದ ಹಾನಿಯಿಲ್ಲ. ಅರ್ಧ ತಿಳಿದವನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ಅಂಥವನೊಬ್ಬನ ಕೈಗೆ ಸಿಕ್ಕ ಐಮಂಗಲದ ಒಂದು ಹಾರ್ಡ್ ಡಿಸ್ಕಿನ ವಿಷಯ ಹೇಳುತ್ತೇನೆ.

ಡಿಸ್ಕಿನ ಒಡೆಯರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಊರವರಿಗೆಲ್ಲ ಅವರು ಡಾಕ್ಟ್ರೇ. ನಿಜವಾದ ಡಾಕ್ಟರು ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುತ್ತಿದ್ದ ಕಾಲದಲ್ಲಿ, ಸೈಕಲ್ಲಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಕುರಿಗಾಹಿಗಳ ಹಟ್ಟಿಗಳಿಗೆಲ್ಲ ಅಲೆದವರು ಇವರು. ಕುರಿಯವರು ತಮ್ಮ ಕುರಿಯ ಕಿವಿಯನ್ನು ಒಂದೊಂದು ಮನೆತನದವರು ಒಂದೊಂದು ಥರ ಕತ್ತರಿಸಿ ಗುರುತು ಮಾಡುತ್ತಾರೆ. ಒಬ್ಬರದು ತುದಿಯಲ್ಲಿ ಸೀಳು, ಇನ್ನೊಬ್ಬರದು ಅಂಚಿನಲ್ಲಿ ಎರಡು ಕಚ್ಚು, ಮತ್ತೊಬ್ಬರದು ನಡುವೆ ತೂತು. ಹಿಂಡುಗಳು ಬೆರೆತರೆ ಕಿವಿ ನೋಡಿ ಬೇರೆ ಮಾಡುತ್ತಾರೆ. ಕಾಂಪೌಂಡರು ಈ ಗುರುತುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಬಂದು, ಸ್ಕ್ಯಾನ್ ಮಾಡಿ, ಯಾರ ಮನೆತನ, ಯಾವ ಹಟ್ಟಿ, ಯಾವ ರೋಗಕ್ಕೆ ಅವರು ಯಾವ ಸೊಪ್ಪು ಅರೆದು ಕುಡಿಸುತ್ತಿದ್ದರು ಎಂಬುದನ್ನೆಲ್ಲ ಒಂದೇ ಬೆರಳಲ್ಲಿ ಟೈಪ್ ಮಾಡುತ್ತ ವರ್ಷಗಳನ್ನು ಕಳೆದಿದ್ದರು. ಹೇಳಿದವರಲ್ಲಿ ಹಲವರು ಈಗ ಇಲ್ಲ. ಕಾಗದಗಳೂ ಇರಲಿಲ್ಲ; ಸ್ಕ್ಯಾನ್ ಆದ ಮೇಲೆ ಗೆದ್ದಲಿಗೆ ಯಾಕೆ ಎಂದು ಒಲೆಗೆ ಹಾಕಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ದಿನ ಬೆಳಿಗ್ಗೆ ಫೋನ್ ಬಂದಾಗ ಗೊತ್ತಿದ್ದದ್ದು, ಐಮಂಗಲದ ಯಾರೋ ಹಿರಿಯರ ಕಂಪ್ಯೂಟರ್ ಹೋಗಿದೆ ಎಂದಷ್ಟೇ. ಫೋನ್ ಮಾಡಿದವರು ಅವರ ಹೆಂಡತಿ.

"ಯವ್ವಾ, ಒಂದು ವಾರದಿಂದ ಒಳಗೆ ಟಿಕ್ ಟಿಕ್ ಅಂತಿತ್ತು. ಈಗ ಎಲ್ಲ ಹೋಗೈತೆ. ಬತ್ತೀಯಾ?"

ಒಂದು ವಾರದಿಂದ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದರೆ ಅದು ಪ್ರಾಣ ಬಿಡುತ್ತಿದೆ ಎಂದೇ ಅರ್ಥ. ಆಗ ಮಾಡಬೇಕಾದ ಕೆಲಸ ಒಂದೇ, ವೈರು ಕಿತ್ತು ಸುಮ್ಮನೆ ಕೂರುವುದು. ಮತ್ತೆ ಆನ್ ಮಾಡಿ ನೋಡುವಂತಿಲ್ಲ, ತಟ್ಟುವಂತಿಲ್ಲ, ಪಕ್ಕದ ಮನೆಯವನನ್ನು ಕರೆಯುವಂತಿಲ್ಲ. ನಮ್ಮ ಜನ ಎದೆನೋವು ಬಂದರೂ ಸೋಡಾ ಕುಡಿದು ಮಲಗುವವರು. ಡಿಸ್ಕಿನ ನೋವು ಇವರಿಗೆ ತಿಳಿದೀತೇ ಎಂದು ಬೈದುಕೊಳ್ಳುತ್ತಲೇ ಸ್ಕೂಟಿ ತೆಗೆದೆ. ಹೈವೇಯಲ್ಲಿ ಲಾರಿಗಳ ಹೊಗೆ ಕುಡಿದುಕೊಂಡು ಐಮಂಗಲ ತಲುಪಿದಾಗ ಹತ್ತೂವರೆ.

ಮನೆಯ ನಡುಮನೆಯಲ್ಲಿ ಊಟದ ಚಾಪೆ ಹಾಸಿ, ಅದರ ಮೇಲೆ ಕಂಪ್ಯೂಟರನ್ನು ಬಿಚ್ಚಿ ಹರಡಿದ್ದರು. ಹರಡಿದ್ದವನು ಕಾಂಪೌಂಡರ ತಮ್ಮನ ಮಗ. ಚಿತ್ರದುರ್ಗದ ಯಾವುದೋ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಉಪನ್ಯಾಸಕ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಅದನ್ನು ದೊಡ್ಡಪ್ಪನ ಮನೆಯಲ್ಲೂ ತೆಗೆದಿರಲಿಲ್ಲ. ನಾನು ಚಪ್ಪಲಿ ಬಿಡುತ್ತಿದ್ದಂತೆ ಅವನು ತಲೆ ಎತ್ತಿ ನೋಡಿ ದೊಡ್ಡಮ್ಮನನ್ನು ಕೇಳಿದ.

"ಇವ್ರಾ?"

"ಹೂಂ ಕಣಪ್ಪ. ಹಿರಿಯೂರಿನವ್ರು."

"ಮೇಡಂ, ಆಲ್ಮೋಸ್ಟ್ ಎಲ್ಲ ನಾನೇ ಮಾಡಿದೀನಿ," ಎಂದ ನನಗೆ. "ಸ್ವಲ್ಪ ಡೇಟಾ ಮಾತ್ರ ರಿಕವರಿ ಆಗಿಲ್ಲ."

ಏನು ಮಾಡಿದಿರಿ ಎಂದು ಕೇಳಿದೆ. ಅವನು ಪಾಠದ ಧಾಟಿಯಲ್ಲೇ ಹೇಳಿದ. ಕಂಪ್ಯೂಟರ್ ಆನ್ ಆಗುತ್ತಿರಲಿಲ್ಲ. ಏಳೆಂಟು ಸಲ ಆನ್ ಮಾಡಿ ನೋಡಿದ. ಆಮೇಲೆ ಪೆನ್‌ಡ್ರೈವಿನಿಂದ ಹೊಸದಾಗಿ ವಿಂಡೋಸ್ ಹಾಕಿದ. ಕೇಳಿದ್ದಕ್ಕೆಲ್ಲ ಹೂಂ ಒತ್ತಿದ. ಆಮೇಲೆ ದೊಡ್ಡಪ್ಪ, ನನ್ನ ಕುರಿಗಳೆಲ್ಲಿ ಎಂದು ಕೇಳಿದಾಗ, ಕಳೆದ ಫೈಲು ಹುಡುಕುವ ಪುಕ್ಕಟೆ ತಂತ್ರಾಂಶವೊಂದನ್ನು ಇಳಿಸಿಕೊಂಡು ಅದನ್ನೂ ಅದೇ ಡಿಸ್ಕಿಗೆ ಹಾಕಿ ಓಡಿಸಿದ.

"ಅದೇ ಡಿಸ್ಕಿಗಾ?" ಎಂದೆ.

"ಮತ್ತೆ ಬೇರೆ ಎಲ್ಲಿಗೆ?"

ಫೈಲುಗಳು ಅಳಿಸಿಹೋದಾಗ ಆ ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಹೊಸದಾಗಿ ಬರೆಯಬಾರದು. ಅಳಿಸಿದ ಸ್ಲೇಟಿನ ಮೇಲೆ ಹಳೆಯ ಬಳಪದ ಗುರುತು ಕಾಣುತ್ತಿರುವಾಗ, ಅದನ್ನು ಓದಬೇಕೆಂದವನು ಅದರ ಮೇಲೆಯೇ ಮಗ್ಗಿ ಬರೆಯುತ್ತಾನೆಯೇ? ಈತ ಬರೆದಿದ್ದ. ಒಂದು ಸಲವಲ್ಲ, ಎರಡು ಸಲ. ಇವನ ಬಳಿ ಕಲಿತ ಮಕ್ಕಳು ಪ್ರತಿ ವರ್ಷ ಪಾಸಾಗಿ ಹೊರಗೆ ಬರುತ್ತಾರೆ ಎಂದು ನೆನೆದು ನನಗೆ ಬೆವರು ಬಂತು.

"ಎಲ್ಲಿ ಇಟ್ಟಿದ್ರು ಫೈಲು?"

"ಡೆಸ್ಕ್‌ಟಾಪ್ ಮೇಲೆ. ನಾನು ಡಿ ಡ್ರೈವ್ ಮುಟ್ಟೇ ಇಲ್ಲ ಮೇಡಂ. ಅದ್ರಲ್ಲಿ ಇಟ್ಟಿದ್ರೆ ಉಳೀತಿತ್ತು. ದೊಡ್ಡಪ್ಪನಿಗೆ ಬೇಸಿಕ್ಸ್ ಗೊತ್ತಿಲ್ಲ."

ತಪ್ಪು ದೊಡ್ಡಪ್ಪನದಾಯಿತು. ಕಾಂಪೌಂಡರು ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಬಿಳಿ ಬನಿಯನ್, ತೆಳ್ಳಗಿನ ಮನುಷ್ಯ. ಅವರ ಹೆಂಡತಿಗೆ ತಡೆಯಲಾಗಲಿಲ್ಲ.

"ಅಲ್ಲಪ್ಪ, ಟಿಕ್ ಟಿಕ್ ಅಂದಾಗ ನಾನು ಅಂದೆ, ಹಿರಿಯೂರಿನವ್ರಿಗೆ ಹೇಳಾಣ ಅಂತ. ನೀನೇ ಅಲ್ವಾ ಫೋನಲ್ಲಿ, ನಾನ್ ಇದೀನಲ್ಲ ದೊಡ್ಡಮ್ಮ, ಭಾನುವಾರ ಬತ್ತೀನಿ ಅಂದೋನು?"

"ಡಿಸ್ಕೇ ಸರಿ ಇಲ್ಲ ದೊಡ್ಡಮ್ಮ, ನಾನೇನ್ ಮಾಡ್ಲಿ?" ಎನ್ನುತ್ತ ಅವನು ಡಿಸ್ಕನ್ನು ಎತ್ತಿ ತಿರುಗಿಸಿದ. "ನೋಡ್ರಿ ಇಲ್ಲಿ. ಇದು ಹೊಸದೇ ಅಲ್ಲ. ಸಿಸಿಟಿವಿ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿಯಿಂದ ಕಿತ್ತಿದ್ದು. ವರ್ಷಗಟ್ಲೆ ಹಗಲೂ ರಾತ್ರಿ ಓಡಿರೋದನ್ನ ಯಾರೋ ತಂದು ಹಾಕ್ಬಿಟ್ಟಿದಾರೆ. ಯಾರು ದೊಡ್ಡಪ್ಪ ಹಾಕ್ಕೊಟ್ಟಿದ್ದು?"

ನಾನು ಡಿಸ್ಕಿನ ಬೆನ್ನು ನೋಡಿದೆ. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ "ಓಕೆ" ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದಿತ್ತು. ಪರೀಕ್ಷೆ ಮಾಡಿದ ಡಿಸ್ಕುಗಳ ಮೇಲೆ ಹಾಗೆ ಬರೆಯುವುದು ನನ್ನ ಅಭ್ಯಾಸ. ಗೆರೆಯ ಕೊನೆಯ ಕೊಂಡಿ ಸಹ ನನ್ನದೇ.

ಉಪನ್ಯಾಸಕ ಉತ್ತರಕ್ಕಾಗಿ ದೊಡ್ಡಪ್ಪನ ಕಡೆ ನೋಡುತ್ತಿದ್ದ. ಕಾಂಪೌಂಡರು ನನ್ನ ಕಡೆ ಒಂದು ಸಲ ನೋಡಿ, ಮತ್ತೆ ಚಾಪೆಯ ಕಡೆ ನೋಡಿ, "ಯಾರೋ ಹಾಕಿದ್ರು ಬಿಡಪ್ಪ. ಎಷ್ಟೋ ದಿನ ಆತು," ಎಂದರು.

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಇದೇ ಮನೆಗೆ ನಾನು ಬಂದಿದ್ದೆ. ಹಳೆಯ ಡಿಸ್ಕ್ ತುಂಬಿಹೋಗಿದೆ, ದೊಡ್ಡದು ಹಾಕಿಕೊಡಿ ಎಂದು ಕರೆಸಿದ್ದರು. ಆ ದಿನ ಹೊಳಲ್ಕೆರೆಯಲ್ಲಿ ಒಂದು ಕಚೇರಿಯ ಯಂತ್ರಗಳು ಕಾಯುತ್ತಿದ್ದವು, ನನಗೆ ಅವಸರ. ಚೀಲದಲ್ಲಿದ್ದ ಡಿಸ್ಕ್ ಹಾಕಿದೆ, ಹಳೆಯದರಲ್ಲಿದ್ದುದನ್ನು ಇದಕ್ಕೆ ತುಂಬಿದೆ, ಹಳೆಯದನ್ನು ಬದಲಿಗೆಂದು ತೆಗೆದುಕೊಂಡೆ. ಹೊಸದೇ ಎಂದು ಸುಳ್ಳು ಹೇಳಲಿಲ್ಲ. "ಹೊಸದರಂಗೆ ಐತೆ" ಎಂದೆ. ನನ್ನ ಕಸುಬಿನಲ್ಲಿ ಈ ಎರಡು ಮಾತುಗಳ ನಡುವೆ ಬಹಳ ಜನ ಸಂಸಾರ ಮಾಡುತ್ತಾರೆ.

ಅವರು ಬಾಗಿಲವರೆಗೆ ನನ್ನ ಹಿಂದೆಯೇ ಬಂದಿದ್ದರು. "ತಾಯಿ, ಇದು ಅಕಸ್ಮಾತ್ ಹೋದ್ರೆ ಏನ್ ಮಾಡಾದು? ಒಂದು ನಕಲು ಬೇರೆ ಕಡೆ ಇಟ್ಕಳಾಕೆ ಬತ್ತದಾ? ಹೆಂಗೆ ಅಂತ ತೋರಿಸ್ತೀರಾ?"

ನನ್ನ ಅಂಗಡಿಗೆ ಬರುವ ಯಾವ ಮನುಷ್ಯನೂ ತಾನಾಗಿ ಕೇಳದ ಪ್ರಶ್ನೆ ಅದು. ವರ್ಷಕ್ಕೆ ನೂರು ಜನರಿಗೆ ನಾನು ಬಾಯಿ ನೋಯುವಂತೆ ಹೇಳಿದರೂ ಕಿವಿಗೆ ಹಾಕಿಕೊಳ್ಳದ ವಿಷಯವನ್ನು, ಒಂದು ಬೆರಳಲ್ಲಿ ಟೈಪ್ ಮಾಡುವ ಆ ಮನುಷ್ಯ ತಾನೇ ಯೋಚಿಸಿ ಕೇಳಿದ್ದ. ನಾನೇನು ಅಂದುಕೊಂಡೆ? ನಿವೃತ್ತರಾದ ಮುದುಕರು ಕಂಪ್ಯೂಟರಿನಲ್ಲಿ ಮಾಡುವುದು ಎರಡೇ ಕೆಲಸ: ಇಸ್ಪೀಟು ಆಡುವುದು, ಮೊಮ್ಮಕ್ಕಳ ಫೋಟೊ ನೋಡುವುದು. ಇದಕ್ಕೆ ನಕಲು ಬೇರೆ ಕೇಡು ಎಂದುಕೊಂಡೆ. "ಹೋಗಲ್ಲ ಬಿಡ್ರಿ ಸಾರ್. ಇನ್ನೊಂದ್ಸಲ ಬಂದಾಗ ಹೇಳ್ಕೊಡ್ತೀನಿ," ಎಂದು ಸ್ಕೂಟಿ ಹತ್ತಿದೆ. ಹೇಳಿಕೊಡುವ ಕೆಲಸಕ್ಕೆ ಐದು ನಿಮಿಷ ಹಿಡಿಯುತ್ತಿತ್ತು.

ಚಾಪೆಯ ಮುಂದೆ ಕೂತು ಒಂದು ಚಿಂದಿ ಬಟ್ಟೆ ಕೇಳಿ ಡಿಸ್ಕನ್ನು ಸುತ್ತಿಕೊಂಡೆ. ಉಪನ್ಯಾಸಕ, "ಮೇಡಂ, ಒಂದ್ಸಲ ಡಿಸ್ಕ್ ಓಪನ್ ಮಾಡಿ ಒಳಗೆ ನೋಡಾಣ್ವಾ? ವಿಡಿಯೊದಲ್ಲಿ..." ಎಂದು ಶುರು ಮಾಡಿದ. ಡಿಸ್ಕಿನ ಒಳಗೆ ಒಂದು ಧೂಳಿನ ಕಣ ಬಿದ್ದರೂ ಕಥೆ ಮುಗಿಯಿತು. ಐಮಂಗಲದ ನಡುಮನೆಯಲ್ಲಿ, ಹೈವೇ ಗಾಳಿಯಲ್ಲಿ, ಊಟದ ಚಾಪೆಯ ಮೇಲೆ ಇವನು ಅದನ್ನು ಬಿಚ್ಚುವವನಿದ್ದ.

"ಮುಟ್ಟಿದ್ರೆ ಕೈ ಮುರೀತೀನಿ," ಎಂದೆ. ಧ್ವನಿ ಏರಿಸಲಿಲ್ಲ. ಅವನು ಗುರುತಿನ ಚೀಟಿ ಸರಿಮಾಡಿಕೊಂಡು ಹಿಂದೆ ಸರಿದ.

ಅಂಗಡಿಗೆ ತಂದು ಮೊದಲು ಮಾಡಿದ ಕೆಲಸ, ಆ ಡಿಸ್ಕನ್ನು ಹಾಗೆಯೇ ಇನ್ನೊಂದರ ಮೇಲೆ ನಕಲು ಮಾಡಲು ಹಚ್ಚಿದ್ದು. ಸಾಯುತ್ತಿರುವ ಡಿಸ್ಕಿನಿಂದ ಫೈಲು ಹುಡುಕಬಾರದು. ಅದರಲ್ಲಿರುವುದನ್ನೆಲ್ಲ, ಕಸವೋ ರಸವೋ ನೋಡದೆ, ಮೊದಲು ಇನ್ನೊಂದಕ್ಕೆ ಇಳಿಸಿಕೊಂಡು, ಹುಡುಕಾಟವೆಲ್ಲ ಆ ನಕಲಿನ ಮೇಲೆ ನಡೆಸಬೇಕು. ಅದು ನಾಲ್ಕು ದಿನ ಹಿಡಿಯಿತು. ಡಿಸ್ಕ್ ಬಿಸಿಯಾಗಿ ನಿಂತುಬಿಡುತ್ತಿತ್ತು; ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಬಿಟ್ಟ ಕಡೆಯಿಂದ ಹಚ್ಚುತ್ತಿದ್ದೆ. ಐದನೇ ದಿನ ಅದು ಪೂರ್ತಿ ಸುಮ್ಮನಾಯಿತು. ಅಷ್ಟರಲ್ಲಿ ಸಿಕ್ಕಿದ್ದು ಸಿಕ್ಕಿತ್ತು.

ಸಿಕ್ಕಿದ್ದು ಏನು? ಹೆಸರಿಲ್ಲದ ಸಾವಿರಾರು ಚೂರುಗಳು. ಕೆಲವು ಚಿತ್ರಗಳು ಪೂರ್ತಿ ಇದ್ದವು. ಕೆಲವು ಅರ್ಧಕ್ಕೆ ನಿಂತು ಉಳಿದದ್ದು ಬೂದಿ ಬಣ್ಣದ ಪಟ್ಟಿಯಾಗಿತ್ತು. ಬರಹಗಳನ್ನು ತೆರೆದರೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕಲಗಚ್ಚು. ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಫಾಂಟು ಹುಡುಕಿ ಹಾಕಿದ ಮೇಲೆ ಕನ್ನಡವಾಯಿತು. ಆದರೆ ಯಾವ ಬರಹ ಯಾವ ಚಿತ್ರದ್ದು ಎಂದು ಹೇಳಬಲ್ಲವರು ಒಬ್ಬರೇ. ಫೋನ್ ಮಾಡಿದೆ.

ಮರುದಿನದಿಂದ ಕಾಂಪೌಂಡರು ಹನ್ನೊಂದರ ಬಸ್ಸಿಗೆ ಬಂದು, ಸಂಜೆ ನಾಲ್ಕರ ಬಸ್ಸಿಗೆ ಹೋಗತೊಡಗಿದರು. ಬರುವಾಗ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ; ಅದರಲ್ಲಿ ನನ್ನ ಪಾಲೂ ಇರುತ್ತಿತ್ತು. ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, "ಇದು ಹೊಸದುರ್ಗದ ಕಡೇದು. ಇದು ಚಿಕ್ಕಜಾಜೂರು ರೈಲ್ವೆ ಲೈನಿನ ಆಚೆಗೆ ಇಳಿಯೋರದು. ಈ ಅರ್ಧದ್ದು ಯಾರದು ಅಂತ ನೆನಪಾಗವಲ್ದು, ಮುಂದೆ ನಡೀರಿ," ಎನ್ನುತ್ತಿದ್ದರು. ನಾನು ಫೈಲಿಗೆ ಹೆಸರು ಕೊಡುತ್ತ ಹೋಗುತ್ತಿದ್ದೆ.

ನನ್ನ ಅಪ್ಪನೂ ಧರ್ಮಪುರದ ಕಡೆ ಕುರಿ ಕಾಯ್ದವರೇ. ಒಂದು ಮಧ್ಯಾಹ್ನ, ನಮ್ಮ ಮನೆತನದ ಗುರುತೂ ಇದೆಯೇ ಎಂದು ಕೇಳಿದೆ.

"ಇಲ್ಲ ತಾಯಿ. ನಾನು ಆ ಕಡೆಗೆ ಬರ್ಲೇ ಇಲ್ಲ. ಅದು ಬೇರೆಯೋರ ಸೀಮೆ. ಹೆಂಗಿತ್ತು ನಿಮ್ಮದು?"

ನನಗೆ ಗೊತ್ತಿರಲಿಲ್ಲ. ಅಪ್ಪ ಕುರಿ ಮಾರಿದಾಗ ನನಗೆ ಏಳೋ ಎಂಟೋ ವರ್ಷ. ಕಿವಿ ಯಾರು ನೋಡಿದ್ದರು.

ಕೂತಲ್ಲಿಂದಲೇ ಅವರು ನನ್ನ ವ್ಯಾಪಾರವನ್ನೂ ನೋಡುತ್ತಿದ್ದರು. ಒಂದು ದಿನ ಒಬ್ಬ ಹೆಂಗಸು ಲ್ಯಾಪ್‌ಟಾಪ್ ತಂದಳು. ಮಗಳ ಮದುವೆಯ ಫೋಟೊಗಳೆಲ್ಲ ಅದರಲ್ಲೇ ಇವೆಯಂತೆ, ಬೇರೆಲ್ಲೂ ಇಲ್ಲವಂತೆ, ಎರಡು ತಿಂಗಳಿಂದ ಸರಿಯಾಗಿ ನಡೆಯುತ್ತಿಲ್ಲವಂತೆ. ಎರಡು ತಿಂಗಳು ಏನು ಮಾಡುತ್ತಿದ್ದಿರಿ, ಸೀರೆ ಆರಿಸುವಾಗ ಹತ್ತು ಅಂಗಡಿ ಸುತ್ತುತ್ತೀರಿ, ಫೋಟೊ ಇನ್ನೊಂದು ಕಡೆ ಇಡಲು ಬುದ್ಧಿ ಓಡುವುದಿಲ್ಲವೇ ಎಂದು ನಾನು ಬೈದೆ. ಅವಳು ಮುಖ ಸಣ್ಣ ಮಾಡಿಕೊಂಡು, ಲ್ಯಾಪ್‌ಟಾಪ್ ಕೊಟ್ಟು ಹೋದಳು. ಕಾಂಪೌಂಡರು ರೊಟ್ಟಿ ಮುರಿಯುತ್ತ ಹೇಳಿದರು.

"ನಾನೂ ಹಿಂಗೇ ಬೈತಿದ್ದೆ. ಕುರಿಯೋರು ನನ್ನ ಹತ್ರ ಬರಾ ಹೊತ್ತಿಗೆ ಅರ್ಧ ಹಿಂಡು ಮಲಗಿರ್ತಿತ್ತು. ನೀಲಿ ನಾಲಗೆ ರೋಗ ಬಂದು ಎಂಟು ದಿನ ಆಗಿರ್ತಿತ್ತು. ಲೇ, ಈಗ ಬಂದಿದೀರಾ, ಮೊದ್ಲೇ ಏನ್ ಕತ್ತೆ ಕಾಯ್ತಿದ್ರಾ ಅಂತಿದ್ದೆ."

"ಬೈದ್ರೆ ತಪ್ಪಾ ಸಾರ್?"

"ತಪ್ಪೋ ಸರಿಯೋ. ಮುಂದಿನ ಸಲ ಹತ್ತು ದಿನ ಬಿಟ್ಟು ಬಂದ್ರು. ಬೈಸ್ಕಳಾಕೆ ಯಾರು ಬೇಗ ಬತ್ತಾರೆ?"

ಆ ಮಾತು ನನಗೆ ಹಿಡಿಸಲಿಲ್ಲ. ಈಗಲೂ ಪೂರ್ತಿ ಒಪ್ಪುವುದಿಲ್ಲ. ಬೈಗುಳವಿಲ್ಲದೆ ಬುದ್ಧಿ ಕಲಿತವರನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಆ ಹೆಂಗಸು ರಸ್ತೆಯ ತುದಿಗೆ ನಡೆದು ಹೋಗುತ್ತಿದ್ದದ್ದು ಇನ್ನೂ ಕಾಣುತ್ತಿತ್ತು. ನಾನು ಕೈ ಒರೆಸಿಕೊಂಡು, ಅಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಆಡಿಬಿಟ್ಟೆ.

"ಸಾರ್, ಆ ಡಿಸ್ಕ್ ಹಾಕಿದ್ದು ನಾನೇ."

"ಗೊತ್ತೈತೆ," ಎಂದರು.

"ಅವತ್ತು ಮನೇಲಿ ಯಾಕೆ ಹೇಳ್ಲಿಲ್ಲ ಮತ್ತೆ?"

"ಹೇಳಿದ್ರೆ ನಮ್ಮ ಹುಡುಗ ಎಲ್ಲಾನೂ ನಿಮ್ಮ ತಲೆಗೆ ಕಟ್ಟಿ ಕೈ ತೊಳ್ಕಂಡಿರ್ತಿದ್ದ. ನೀವು ಜಗಳ ಆಡಿ ಎದ್ದು ಹೋಗಿರ್ತಿದ್ರಿ. ಕೆಲಸ ಯಾರು ಮಾಡ್ತಿದ್ರು?"

ನಾನು ಕ್ಷಮೆ ಕೇಳಬೇಕೆಂದಿದ್ದೆ. ಅವರು ಅದಕ್ಕೆ ಜಾಗ ಕೊಡಲಿಲ್ಲ. ಚಟ್ನಿಪುಡಿಯ ಡಬ್ಬಿ ಮುಚ್ಚಿ, "ನಾನು ಅವತ್ತು ಕೇಳಿದ್ದೆ. ನೀವು ಹೇಳ್ಕೊಡ್ಲಿಲ್ಲ," ಎಂದರು. ಪರವಾಗಿಲ್ಲ, ಆಗುತ್ತದೆ, ಬಿಡಿ, ಇಂಥ ಯಾವ ಮಾತೂ ಸೇರಿಸಲಿಲ್ಲ. ಮತ್ತೆ ಪರದೆಗೆ ಬಾಗಿ, "ಮುಂದಿನದು ತೆಗೀರಿ," ಎಂದರು.

ಇಪ್ಪತ್ತು ವರ್ಷ ಗಿರಾಕಿಗಳ ಕಣ್ಣಲ್ಲಿ ನಾನು ಕಂಡದ್ದು, ಇವಳಿಗೇನು ತಿಳಿಯುತ್ತದೆ ಎಂಬ ನೋಟ. ಈ ಮನುಷ್ಯನಿಗೆ ನಾನು ಕೊಟ್ಟಿದ್ದೂ ಅದೇ ನೋಟ. ಉಪನ್ಯಾಸಕನನ್ನು ಬೈಯುವುದಕ್ಕೆ ನನಗೆ ಈಗಲೂ ಮಾತು ಕಡಿಮೆಯಿಲ್ಲ. ಆದರೆ ಅವನು ತಿಳಿಯದೆ ಮಾಡಿದ. ನಾನು ಎಲ್ಲ ತಿಳಿದವಳು, ಎಲ್ಲ ತಿಳಿದೂ ಸ್ಕೂಟಿ ಹತ್ತಿದವಳು.

ಕೆಲಸ ಮೂರು ವಾರ ನಡೆಯಿತು. ಬರಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದವು. ಚಿತ್ರಗಳಲ್ಲಿ ಹಲವು ಹೋದವು. ಹೋದವುಗಳ ಪೈಕಿ ನೆನಪಿದ್ದವನ್ನು ಅವರು ನನ್ನ ಬಿಲ್ ಪುಸ್ತಕದ ಹಿಂಬದಿಯಲ್ಲೇ ಬರೆದರು. ನೆನಪಿಲ್ಲದವಕ್ಕೆ ಮತ್ತೆ ಹಟ್ಟಿಗಳಿಗೇ ಹೋಗಬೇಕಾಯಿತು. ಸೈಕಲ್ ತುಳಿಯುವ ವಯಸ್ಸಲ್ಲ. ಭಾನುವಾರಗಳಲ್ಲಿ ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ನಾನೇ ಹೊರಟೆ. ಅವರು ಕರೆಯಲಿಲ್ಲ, ನಾನೇ ಹೋಗಿ ಬಾಗಿಲಲ್ಲಿ ಹಾರ್ನ್ ಹೊಡೆದೆ.

ಹೊಳಲ್ಕೆರೆಯ ಆಚೆ, ರಾಗಿ ಕೊಯ್ದ ಹೊಲವೊಂದರಲ್ಲಿ ಕುರಿಯವರು ಬೀಡುಬಿಟ್ಟಿದ್ದರು. ಹಿಂಡಿನ ಹಿರಿಯ ಕಂಬಳಿ ಹಾಸಿ, "ಕುಂತ್ಕಳ್ರಿ ಡಾಕ್ಟ್ರೆ," ಎಂದ. ವಿಷಯ ಕೇಳಿದ ಮೇಲೆ ನಕ್ಕ.

"ಹೋದ ಸಲ ಎಲ್ಲ ಬರ್ಕಂಡು ಹೋಗಿದ್ರಲ್ಲ. ಎಲ್ಲಿ ಕಳಕಂಡ್ರಿ?"

"ಕಂಪ್ಯೂಟರ್‌ನಾಗೆ ಹಾಕಿದ್ದೆ. ಅದು ಕೆಟ್ಟು ಹೋತು."

"ಒಂದು ಕಿವಿ ಗುರುತು ಇಟ್ಕಳಾಕೆ ಆಗ್ದಿರೋ ಯಂತ್ರ ಅದೆಂಥದ್ದು?" ಎಂದ ಆತ. ನನ್ನ ಕಡೆಗೆ ತಿರುಗಿ, "ಈಯಮ್ಮ ಯಾರು?"

"ಯಂತ್ರದ ಡಾಕ್ಟ್ರು," ಎಂದರು ಕಾಂಪೌಂಡರು.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ನನಗೆ ಹೊಸದಲ್ಲ. ಆತ ಎದ್ದು ಹೋಗಿ ಒಂದು ಕುರಿಯನ್ನು ಹಿಡಿದು ತಂದು, ಅದರ ತಲೆಯನ್ನು ತನ್ನ ಮೊಣಕಾಲ ನಡುವೆ ಒತ್ತಿ ಹಿಡಿದು, ಕಿವಿ ಬಿಡಿಸಿ ತೋರಿಸಿದ. ತುದಿಯಲ್ಲಿ ಒಂದು ಸೀಳು, ಕೆಳಗಿನ ಅಂಚಿನಲ್ಲಿ ಅರ್ಧಚಂದ್ರ. ಕಾಂಪೌಂಡರು ಕಾಗದದ ಮೇಲೆ ಬರೆದರು. ನಾನು ಮೊಬೈಲಿನಲ್ಲಿ ಫೋಟೊ ತೆಗೆದು, ಅಲ್ಲೇ ನಿಂತು ಅಂಗಡಿಯ ಕಂಪ್ಯೂಟರಿಗೂ ಕಾಂಪೌಂಡರ ಮೊಬೈಲಿಗೂ ಒಂದೊಂದು ನಕಲು ಕಳಿಸಿದೆ. ಹೆಂಗೆ ಕಳಿಸಿದಿರಿ ಎಂದು ಕಾಂಪೌಂಡರು ಕೇಳಿದರು. ಈ ಸಲ ಹೊಲದ ಬದುವಿನ ಮೇಲೆ ಕೂತು, ಅವರ ಮೊಬೈಲಿನಲ್ಲೇ, ಅವರ ಬೆರಳಿನಿಂದಲೇ ಮಾಡಿಸಿ ತೋರಿಸಿದೆ. ಐದು ನಿಮಿಷವೇ ಹಿಡಿಯಿತು.

ಉಪನ್ಯಾಸಕನ ವಿಷಯ ಆಮೇಲೆ ಒಂದು ಸಲ ಕಿವಿಗೆ ಬಿತ್ತು. ಅವನ ಕಾಲೇಜಿನ ಹುಡುಗಿಯೊಬ್ಬಳು ಅಂಗಡಿಗೆ ಬಂದಿದ್ದಳು. ತಮ್ಮ ಸಾರ್ ಪೂರ್ತಿ ಸತ್ತ ಡಿಸ್ಕಿನಿಂದ ಅಪರೂಪದ ಕುರಿ ದಾಖಲೆಗಳನ್ನೆಲ್ಲ ಹೊರತೆಗೆದರಂತೆ, ಅದನ್ನು ಕ್ಲಾಸಿನಲ್ಲಿ ಉದಾಹರಣೆಯಾಗಿ ಹೇಳುತ್ತಾರಂತೆ. "ಡಿಸ್ಕನ್ನ ಹೇಗೆ ಓಪನ್ ಮಾಡ್ಬೇಕು ಅಂತಾನೂ ತೋರಿಸ್ತಾರೆ ಮೇಡಂ," ಎಂದಳು. ನಾನು ಅವಳ ಪೆನ್‌ಡ್ರೈವ್ ಸರಿಮಾಡಿ ಕೊಟ್ಟು, ಕೂರಿಸಿಕೊಂಡು, ಸಾಯುವ ಡಿಸ್ಕಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲಿನಿಂದ ಹೇಳಿದೆ. ಬರೆದುಕೊಂಡಳು. ಅವಳ ಸಾರ್ ಬಗ್ಗೆ ನಾನು ಏನೂ ಹೇಳಲಿಲ್ಲ. ಅವನ ಮೇಲೆ ಉಗುಳು ಖರ್ಚು ಮಾಡುವ ಮನಸ್ಸಾಗಲಿಲ್ಲ.

ಈಗ ಕಾಂಪೌಂಡರ ಕೆಲಸದ ನಕಲುಗಳು ಮೂರು ಇವೆ. ಒಂದು ಅವರ ಮನೆಯಲ್ಲಿ. ಒಂದು ಹೊಸದುರ್ಗದಲ್ಲಿರುವ ಅವರ ತಂಗಿಯ ಮನೆಯ ಬೀರುವಿನಲ್ಲಿ, ಮದುವೆ ಸೀರೆಗಳ ಕೆಳಗೆ. ಮೂರನೆಯದು ನನ್ನ ಅಂಗಡಿಯಲ್ಲಿ, ಹೊಸ ಡಿಸ್ಕಿನಲ್ಲಿ, ಹೊಸದರಂಥದ್ದಲ್ಲ, ಹೊಸದೇ. ತಿಂಗಳಿಗೊಂದು ಸಲ ಅವರು ಹನ್ನೊಂದರ ಬಸ್ಸಿಗೆ ಬರುತ್ತಾರೆ. ಎಷ್ಟು ಜನ ಗಿರಾಕಿಗಳು ನಿಂತಿದ್ದರೂ ಕೌಂಟರಿನ ಒಳಗೇ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ.

"ತೆಗೆದು ತೋರಿಸ್ರಿ," ಎನ್ನುತ್ತಾರೆ.

"ಚೆನ್ನಾಗೈತೆ ಸಾರ್. ಮೊನ್ನೆ ನೋಡಿದೀನಿ."

"ನೀವು ನೋಡಿದ್ದು ಇರ್ಲಿ. ನಾನು ನೋಡ್ಬೇಕು."

ಕೈಲಿದ್ದ ಕೆಲಸ ಬಿಟ್ಟು, ಕಪಾಟಿನಿಂದ ಡಿಸ್ಕ್ ತಂದು ಸಿಕ್ಕಿಸುತ್ತೇನೆ. ಅವರು ಅಲ್ಲೊಂದು ಇಲ್ಲೊಂದು ಫೈಲನ್ನು ತಾವೇ ಆರಿಸಿ, ಒಂದೇ ಬೆರಳಲ್ಲಿ ಒತ್ತಿ, ಪೂರ್ತಿ ತೆರೆಯುವವರೆಗೆ ಕಾದು, ಓದಿ, ಮುಚ್ಚುತ್ತಾರೆ. ಹಿಂದೆ ನಿಂತ ಗಿರಾಕಿಗಳು ಕಾಲು ಬದಲಿಸುತ್ತ ನೋಡುತ್ತಾರೆ. ಅವರಲ್ಲಿ ಕೆಲವರು ಹೋಗುವ ಮುಂಚೆ, "ಮೇಡಂ, ನಮ್ದೂ ಒಂದು ಹಿಂಗೆ ಮಾಡಿಕೊಡ್ರಿ," ಎಂದು ಕೇಳುವುದುಂಟು. ಹೆಚ್ಚಿನವರು ಕೇಳುವುದಿಲ್ಲ.